ಹತ್ತು ಗಂಟೆಗೆ ಬರುತ್ತಿದ್ದ ಸೂಲಗಿತ್ತಿ

ಬಂಗಾರಪೇಟೆ ಸ್ಟೇಷನ್

ವಿದೇಶಕ್ಕೆ ಹೋಗಿ ಬಂದವರು ಅರಮನೆ, ಗಡಿಯಾರದ ಗೋಪುರ, ಸೇತುವೆ ಎಂದು ಬರೆಯುತ್ತಾರೆ. ನಾನು ಇಂಗ್ಲೆಂಡಿನಲ್ಲಿ ಒಂಬತ್ತು ವಾರ ಇದ್ದೆ. ನೋಡಿದ್ದು ಒಂದು ಅಡುಗೆಮನೆ, ಒಂದು ಬಚ್ಚಲು, ಒಂದು ಆಸ್ಪತ್ರೆ. ಲಂಡನ್ ಹೇಗಿದೆ ಎಂದು ಆಂಡರ್ಸನ್‌ಪೇಟೆಯಲ್ಲಿ ಈಗಲೂ ಕೇಳುವವರಿದ್ದಾರೆ. ಲಂಡನ್ ದಾಟುವಾಗ ಮಳೆ ಕಿಟಕಿಗೆ ಬಡಿಯುತ್ತಿತ್ತು, ಏನೂ ಕಾಣಲಿಲ್ಲ ಎಂದರೆ ಯಾರೂ ನಂಬುವುದಿಲ್ಲ.

ಹೋದದ್ದು ಬಾಣಂತನಕ್ಕೆ. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನನ್ನ ತಂಗಿ ಸರೋಜಳ ಗಂಡ ಶಿವಶಂಕರ ನಮ್ಮ ಚಿನ್ನದ ಗಣಿಯಲ್ಲಿ ಗಾಳಿಯ ಉಸ್ತುವಾರಿ ಅಧಿಕಾರಿ. ಬಹಳ ಆಳದಲ್ಲಿ ಕೆಲಸ ಮಾಡುವವರಿಗೆ ಮೇಲಿನಿಂದ ಗಾಳಿ ತಲುಪಿಸುವುದು ಅವನ ಜವಾಬ್ದಾರಿ. ಹೆಚ್ಚಿನ ತರಬೇತಿಗೆಂದು ಎರಡು ವರ್ಷದ ಮಟ್ಟಿಗೆ ಅವನನ್ನು ಯಾರ್ಕ್‌ಷೈರ್ ಕಡೆಯ ಕಲ್ಲಿದ್ದಲ ಗಣಿಯೊಂದಕ್ಕೆ ಕಳಿಸಿದ್ದರು. ಮದುವೆಯಾಗಿ ಏಳು ವರ್ಷದ ಮೇಲೆ ಸರೋಜ ಬಸುರಿಯಾದದ್ದು ಅಲ್ಲಿ. ಅಮ್ಮ ತೀರಿಕೊಂಡಿದ್ದಳು. ಉಳಿದವಳು ನಾನು. ತಂಗಿಗಿಂತ ಹನ್ನೆರಡು ವರ್ಷ ದೊಡ್ಡವಳು, ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಟೀಚರು, ಮದುವೆಯಾಗದವಳು, ಕಪ್ಪುಹಲಗೆಯ ಅರ್ಧದವರೆಗೆ ಮಾತ್ರ ಕೈ ಎಟುಕುವಷ್ಟು ಕುಳ್ಳಿ. ಅವಳಿಗೆ ಅ ಆ ಇ ಈ ತಿದ್ದಿಸಿದವಳೂ ನಾನೇ, ಯಾವ ಸೀರೆಗೆ ಯಾವ ಕುಪ್ಪಸ ಎಂದು ಹೇಳುತ್ತಿದ್ದವಳೂ ನಾನೇ. ಹೀಗಿರುವಾಗ ಬಾಣಂತನವನ್ನು ಬೇರೆಯವರ ಕೈಗೆ ಬಿಡುವುದುಂಟೇ?

ಆದರೆ ಅದುವರೆಗೆ ನಾನು ಒಂದೇ ಒಂದು ಬಾಣಂತನವನ್ನೂ ಮಾಡಿರಲಿಲ್ಲ. ಅದಕ್ಕೇ ಬೂದಿಕೋಟೆಯಿಂದ ಚಿಕ್ಕಮ್ಮ ಬಸ್ಸು ಹಿಡಿದು ಬಂಗಾರಪೇಟೆ ಸ್ಟೇಷನ್ನಿಗೆ ಬಂದಳು. ಮದರಾಸಿನ ರೈಲು ಬರುವ ತನಕ ನನಗೆ ಪಾಠ ಮಾಡಿದಳು. ನಾನು ಬೆಂಚಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

"ಓಗ್ತಿದ್ದಂಗೇ ನೀರು ಕಾಯ್ಸು. ಮಗೀಗೆ ಅಳ್ಳೆಣ್ಣೆ ಅಚ್ಚಿ ಕೈಕಾಲು ಎಳೀಬೇಕು. ನೀರು ಉಯ್ದು, ಸಾಂಬ್ರಾಣಿ ಒಗೆ ಕೊಟ್ಟು, ತಾಯೀನೂ ಮಗೀನೂ ಬೆಚ್ಚಗೆ ಒದ್ದಿಸಿ ಮಲಗ್ಸು. ನೀರಾಕಿದ್ ಮೇಲಿನ ನಿದ್ದೆ ಕೆಡಿಸ್ಬ್ಯಾಡ. ಯಾರು ಬಾಗ್ಲು ತಟ್ಟಿದ್ರೂ ಆಮೇಲೆ ಬಾ ಅನ್ನು."

"ಅಲ್ಲಿ ನರ್ಸುಗಳು ಮನೇಗೇ ಬರ್ತಾರಂತೆ ಚಿಕ್ಕಮ್ಮಾ."

"ಬರ್ಲಿ ಬಿಡು. ಅನ್ನೊಂದು ದಿನ ಆಗೋಗಂಟ ವರಗಿನೋರ ಕಣ್ಣಿಗೆ ಮಗೀನ ಆಕ್ಬ್ಯಾಡ. ಏನಾರಾ ಕುಡಿಯಾಕ್ ಕೊಟ್ಟು ಕಳಿಸ್ಬುಡು."

ಅದನ್ನೂ ಬರೆದುಕೊಂಡು ಕೆಳಗೆ ಗೆರೆ ಎಳೆದೆ.

ಕಸ್ಟಮ್ಸಿನ ಮೇಜು

ಮದರಾಸಿನಿಂದ ಬೊಂಬಾಯಿಗೆ, ಬೊಂಬಾಯಿಯಿಂದ ಲಂಡನ್ನಿಗೆ. ವಿಮಾನದ ಬಗ್ಗೆ ಹೇಳುವಂಥದ್ದು ಹೆಚ್ಚೇನಿಲ್ಲ. ಕಾಲು ನೆಲಕ್ಕೆ ಎಟುಕದವರಿಗೆ ಅಲ್ಲಿನ ಸೀಟು ನಮ್ಮ ಬೇತಮಂಗಲದ ಬಸ್ಸಿನ ಸೀಟಿನಷ್ಟೇ ಕಷ್ಟ. ಎಲ್ಲೋ ದಾರಿಯಲ್ಲಿ ನಿಂಬೆಕಾಯಿ ಉಪ್ಪಿನಕಾಯಿಯ ಬಾಟಲಿ ಕೈಚೀಲದೊಳಗೆ ಒಡೆಯಿತು. ನಾನು ಇಂಗ್ಲೆಂಡಿಗೆ ಕಾಲಿಡುವ ಮೊದಲೇ ನನ್ನ ವಾಸನೆ ಅಲ್ಲಿಗೆ ಕಾಲಿಟ್ಟಿತ್ತು.

ಕಸ್ಟಮ್ಸಿನ ಮೇಜಿನ ಹಿಂದೆ ಮೊಡವೆ ಮುಖದ ಅಧಿಕಾರಿಯೊಬ್ಬ ನಿಂತಿದ್ದ. ನನ್ನ ಪೆಟ್ಟಿಗೆಯಿಂದ ಒಂದೊಂದೇ ಪೊಟ್ಟಣ ತೆಗೆದ. ಬಜೆ ಬೇರು, ಸಾಂಬ್ರಾಣಿ, ಹರಳೆಣ್ಣೆ, ವಿಭೂತಿ, ಬಾಣಂತಿ ಖಾರದ ಪುಡಿ. ಖಾರದ ಪುಡಿಯನ್ನು ಮೂಸಿ ಆರು ಸಲ ಸೀನಿದ. ಬೇರು ಯಾಕೆ ಎಂದು ಕೇಳಿದ. ತೇಯ್ದು ಮಗುವಿನ ನಾಲಿಗೆಗೆ ಸವರುವುದಕ್ಕೆ ಎಂದೆ. ಅವನ ಮುಖ ಇನ್ನಷ್ಟು ಕೆಂಪಾಯಿತು. ಮೇಲಿನವರನ್ನು ಕರೆದ. ಬಂದವಳು ನನ್ನ ವಯಸ್ಸಿನ ಹೆಂಗಸು.

"ಮಗು ಯಾವಾಗ ಹುಟ್ಟುತ್ತದೆ?" ಎಂದು ಕೇಳಿದಳು.

"ಇಷ್ಟು ಹೊತ್ತಿಗೆ ಹುಟ್ಟಿರಬೇಕು" ಎಂದೆ.

ಆಕೆ ಎಲ್ಲವನ್ನೂ ಒಳಗೆ ತುಂಬಿ ಪೆಟ್ಟಿಗೆ ಮುಚ್ಚಿ, ನನ್ನ ಭುಜ ತಟ್ಟಿದಳು. ಹುಟ್ಟಿತ್ತು, ನಾನು ಆಕಾಶದಲ್ಲಿದ್ದಾಗ. ಹೆಣ್ಣು.

ಕಪ್ಪು ದಿಬ್ಬಗಳ ಊರು

ರೈಲಿನಲ್ಲಿ ಉತ್ತರಕ್ಕೆ ಹೋಗಿ ಇಳಿದಾಗ ಒಂದು ಕ್ಷಣ ಊರಿಗೇ ವಾಪಸ್ಸು ಬಂದೆನೇನೋ ಅನ್ನಿಸಿತು. ಚಿನ್ನ ತೆಗೆದುಳಿದ ಮಣ್ಣು ಸುರಿದ ನಮ್ಮ ಸೈನೈಡ್ ದಿಬ್ಬಗಳಂಥದ್ದೇ ದಿಬ್ಬಗಳು, ಬಣ್ಣ ಮಾತ್ರ ಕಪ್ಪು. ಗಣಿಯ ಬಾಯಿಯ ಮೇಲೆ ಅಂಥದ್ದೇ ರಾಟೆ, ಪಾಳಿ ಬದಲಾದಾಗ ಅಂಥದ್ದೇ ಸೈರನ್ನಿನ ಕೂಗು. ನಮ್ಮ ಗಣಿ ಕೆಲಸಗಾರರ ಲೈನುಗಳ ಹಾಗೆ ಒಂದಕ್ಕೊಂದು ಅಂಟಿಕೊಂಡ ಮನೆಗಳು, ಆದರೆ ಮಹಡಿ ಇದ್ದವು. ನಮ್ಮೂರಿನ ದೊರೆಗಳ ಬಂಗಲೆ ನೋಡಿ ಬೆಳೆದ ನನಗೆ ಇಂಗ್ಲೆಂಡೆಂದರೆ ಬರೀ ಬಂಗಲೆ ಎಂಬ ಕಲ್ಪನೆಯಿತ್ತು. ಅಲ್ಲಿ ಬಟ್ಟೆ ಒಗೆದು ಒಣಗಿಸುತ್ತ ಬೇಲಿಯ ಮೇಲಿಂದ ಹರಟುವ ಬಿಳಿಯ ಹೆಂಗಸರನ್ನು ನೋಡಿ ಒಂಥರಾ ಸಮಾಧಾನವಾಯಿತು.

ಅಲ್ಲಿಯವರು ಯಾರನ್ನು ಕಂಡರೂ 'ಲವ್' ಎಂದು ಕರೆಯುತ್ತಾರೆ. ಬಸ್ಸಿನ ಕಂಡಕ್ಟರು ಟಿಕೇಟು ಹರಿದುಕೊಟ್ಟು ನನ್ನನ್ನು ಹಾಗೆ ಕರೆದಾಗ ನಾನು ಅವನನ್ನು ತರಗತಿಯಿಂದ ಹೊರಗೆ ಹಾಕುವಂತೆ ನೋಡಿದೆ. ಶಿವಶಂಕರ ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕ.

ಹೆರಿಗೆಯಾದ ಮೂರನೆಯ ದಿನ ಸರೋಜ ಮಗುವಿನೊಂದಿಗೆ ಹೆರಿಗೆ ಆಸ್ಪತ್ರೆಯಿಂದ ಮನೆಗೆ ಬಂದಳು. ಮಗುವಿನ ಬಣ್ಣ ಅವಳಪ್ಪನದು, ಮೂಗು ನಮ್ಮಮ್ಮನದು. ಕತ್ತು ಸ್ವಲ್ಪ ದಪ್ಪ, ಹಿಂದೆ ಚರ್ಮದ ಮಡಿಕೆ. ಪಾದಗಳ ಮೇಲ್ಭಾಗ ಪೂರಿಯ ಹಾಗೆ ಉಬ್ಬಿತ್ತು. ಕ್ರಮೇಣ ಇಳಿಯಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರಂತೆ. ನನಗೆ ಆ ಪಾದಗಳನ್ನು ನೋಡಿ ಎಷ್ಟು ಸಂತೋಷವಾಯಿತೆಂದರೆ, "ನೋಡೇ, ಎಂಥಾ ಗುಂಡುಗುಂಡು ಕಾಲು, ದೃಷ್ಟಿ ತಾಗತ್ತೆ" ಎಂದು ಕೂಡಲೇ ಕರಿದಾರ ಕಟ್ಟಿದೆ.

ಬಾಣಂತನದ ಮೊದಲ ನೀರಿಗೆ ಬಚ್ಚಲೇ ಶತ್ರುವಾಯಿತು. ಅಲ್ಲಿಯ ಬಚ್ಚಲಲ್ಲಿ ಕೂತು ಸ್ನಾನ ಮಾಡಿಸಲು ಜಾಗವಿಲ್ಲ, ದೋಣಿಯಂಥ ತೊಟ್ಟಿಯೊಂದಿದೆ. ನಾನು ಸೀರೆ ಎತ್ತಿ ಕಟ್ಟಿ ತೊಟ್ಟಿಯೊಳಗೇ ಕೂತು, ಕಾಲು ಚಾಚಿ ಮಗುವನ್ನು ಮಲಗಿಸಿಕೊಂಡೆ. ಎಣ್ಣೆಗೆ ಜಾರಿ ಮೊಣಕೈ ತರಚಿಹೋಯಿತು. ಆಮೇಲೆ ಸಾಂಬ್ರಾಣಿ ಹಾಕಿದೆ. ಕಿಟಕಿಯಿಂದ ಹೊಗೆ ಹೋದದ್ದನ್ನು ನೋಡಿ ಪಕ್ಕದ ಮನೆಯ ವಾಲ್ಟರ್ ಎಂಬ ಮುದುಕ ಬಕೆಟ್ಟಿನಲ್ಲಿ ನೀರು ಹಿಡಿದು ಓಡಿಬಂದ. ನಲವತ್ತು ವರ್ಷ ಗಣಿಯಲ್ಲಿದ್ದವನಂತೆ. ಹೊಗೆ ಕಂಡರೆ ಅವನ ಕಾಲು ತಾನಾಗಿ ಓಡುತ್ತದೆ. ಅದು ಧೂಪ ಎಂದು ತಿಳಿದ ಮೇಲೆ ಬಾಗಿಲಲ್ಲೇ ನಿಂತು ಮೂಸಿ, ಚರ್ಚಿನ ಹಾಗಿದೆ ಎಂದು ಹೇಳಿಹೋದ.

ಹತ್ತು ಗಂಟೆ

ಆ ದೇಶದಲ್ಲಿ ಹೆರಿಗೆಯಾದ ಮೇಲೆ ಹತ್ತು ದಿನ ಸೂಲಗಿತ್ತಿ ಮನೆಗೆ ಬಂದು ತಾಯಿ-ಮಗುವನ್ನು ನೋಡುತ್ತಾಳೆ. ನಮ್ಮ ಸೂಲಗಿತ್ತಿ ಮಿಸೆಸ್ ಬೂತ್. ಐವತ್ತರ ಹತ್ತಿರದ ವಯಸ್ಸು, ಅಗಲವಾದ ಭುಜ, ಕೆಲಸಕ್ಕೆಂದು ಸರ್ಕಾರ ಕೊಟ್ಟ ಚಿಕ್ಕ ನೀಲಿ ಕಾರು. ಮೂರನೆಯ ದಿನದ ಸಂಜೆ ಬಂದು ಮಗುವನ್ನು ಬಿಚ್ಚಿ ನೋಡಿ, ಪಾದದ ಊತವನ್ನು ಪುಸ್ತಕದಲ್ಲಿ ಬರೆದು, ಕರಿದಾರವನ್ನು ಸ್ವಲ್ಪ ಸಡಿಲಿಸಿ ಹೋದಳು. ನಾಳೆಯಿಂದ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ ಎಂದಳು.

ಹತ್ತಕ್ಕೆಂದರೆ ನೀರು ಹಾಕಿ ಮುಗಿಸಿ, ತಾಯಿ-ಮಗು ಹೊದ್ದು ಮಲಗಿ ಬೆವರುವ ಹೊತ್ತು.

ನಾಲ್ಕನೆಯ ದಿನ ಬೆಲ್ಲು ಹೊಡೆದಾಗ ನಾನು ಬಾಗಿಲಿಗೆ ಅಡ್ಡ ನಿಂತು, ಇಬ್ಬರೂ ಮಲಗಿದ್ದಾರೆ ಎಂದೆ. ಆಕೆ ಮಹಡಿಯ ಮೆಟ್ಟಿಲ ಕಡೆ ನೋಡಿದಳು. ಮಗು ಹಾಲು ಕುಡಿಯುತ್ತಿದೆಯೇ ಎಂದು ಕೇಳಿದಳು. ಕುಡಿಯುತ್ತಿದೆ ಎಂದೆ. ಚಹಾ ತಗೊಳ್ಳಿ ಎಂದು ಅಡುಗೆಮನೆಗೆ ಕರೆದೊಯ್ದೆ. ಆ ಜನಕ್ಕೆ ಚಹಾ ಬೇಡ ಎನ್ನಲು ಬಾಯಿ ಬರುವುದಿಲ್ಲ ಎಂಬುದನ್ನು ಎರಡೇ ದಿನದಲ್ಲಿ ಕಂಡುಕೊಂಡಿದ್ದೆ. ಮಳೆಯ ವಿಷಯ ಮಾತಾಡಿದೆವು. ನಮ್ಮ ಕೋಲಾರದ ಕಡೆ ಮಳೆ ಬಂದರೆ ಸಿಹಿ ಹಂಚುವಷ್ಟು ಸಂತೋಷ ಎಂದೆ. ಆಕೆ ನಕ್ಕು, ಹಾಗಾದರೆ ಇಲ್ಲಿಂದ ಒಂದಿಷ್ಟು ಕಟ್ಟಿಕೊಂಡು ಹೋಗು ಎಂದಳು. ಇಪ್ಪತ್ತು ನಿಮಿಷ ಕಾದು, ನಾಳೆ ನೋಡುತ್ತೇನೆ ಎಂದು ಎದ್ದಳು.

ಐದನೆಯ ದಿನವೂ ಅದೇ. ಆ ದಿನ ಆಕೆ, "ಒಂದು ನಿಮಿಷ ಮೇಲೆ ಹೋಗಿ ಇಣುಕಿ ಬರಲೇ?" ಎಂದು ಕೇಳಿದಳು. ನಮ್ಮ ಪದ್ಧತಿಯಲ್ಲಿ ಆ ನಿದ್ದೆ ಕೆಡಿಸಬಾರದು ಎಂದೆ. ಟೀಚರ ದನಿಯಲ್ಲೇ ಹೇಳಿದೆ. ಆಕೆ ಕಪ್ಪು ಕೆಳಗಿಟ್ಟಳು. ಪದ್ಧತಿ ಎಂದಮೇಲೆ ಒತ್ತಾಯ ಮಾಡುವುದು ಆಕೆಗೆ ಸರಿ ಕಾಣಲಿಲ್ಲವೆಂದು ತೋರುತ್ತದೆ. ಸಂಜೆ ಬರೋಣವೆಂದರೆ ಆಕೆಗೆ ಬೇರೆ ಹೆರಿಗೆಯಿತ್ತು. ನಾಳೆ ಖಂಡಿತ ನೋಡಲೇಬೇಕು ಎಂದು ಹೇಳಿ ಹೊರಟುಹೋದಳು.

ಒಬ್ಬ ಬಿಳಿಯ ದಾದಿಯನ್ನು ಎರಡು ದಿನ ಬಾಗಿಲಿಂದಲೇ ನಯವಾಗಿ ಸಾಗಹಾಕಿದೆನಲ್ಲ ಎಂದು ಆಗ ನಾನು ಒಳಗೊಳಗೇ ಬೀಗಿದೆ. ಚಿಕ್ಕಮ್ಮನಿಗೆ ಬರೆಯಬೇಕೆಂದುಕೊಂಡೆ.

ಆರನೆಯ ದಿನ

ಮಗು ಹಾಲು ಬಿಟ್ಟಿತ್ತು. ನಸುಕಿನಿಂದ ಎರಡು ಸಲ ಬಾಯಿ ಹಾಕಿ, ಸುಸ್ತಾದವರಂತೆ ಬಿಟ್ಟುಬಿಟ್ಟಿತು ಎಂದಳು ಸರೋಜ. ನೀರು ಹಾಕಿದರೆ ಹಸಿವಾಗುತ್ತದೆ ಎಂದೆ. ತೊಟ್ಟಿಯೊಳಗೆ ಕೂತು ಎಣ್ಣೆ ಹಚ್ಚಿದೆ. ಕೈ ಎಳೆದೆ, ಬೆಚ್ಚಗಿತ್ತು. ಕಾಲು ಎಳೆದೆ, ತಣ್ಣಗಿತ್ತು. ಬಿಸಿನೀರು ಹುಯ್ದೆ. ಮಗು ಅಳಲಿಲ್ಲ. ಮತ್ತೆ ಹುಯ್ದೆ. ಕಾಲು ತಣ್ಣಗೇ ಇತ್ತು. ಪಕ್ಕೆಲುಬಿನ ಕೆಳಗೆ ಹೊಟ್ಟೆ ಒಳಕ್ಕೆ ಸೆಳೆಯುವಷ್ಟು ಜೋರಾಗಿ ಉಸಿರಾಡುತ್ತಿತ್ತು. ತುಟಿಯ ಸುತ್ತ ಬೂದಿಯ ಬಣ್ಣ.

ಆಗ ಬೆಲ್ಲು ಹೊಡೆಯಿತು. ನಾನು ಎಣ್ಣೆಗೈಯಲ್ಲೇ ಮಗುವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಇಳಿದೆ. ಬಾಗಿಲು ತೆರೆದೆ. ಮಗುವನ್ನು ಮುಂದಕ್ಕೆ ಚಾಚಿದೆ.

ಮಿಸೆಸ್ ಬೂತ್ ಮಗುವನ್ನು ಅಡುಗೆಮನೆಯ ಮೇಜಿನ ಮೇಲೆ ಮಲಗಿಸಿ ತೊಡೆಯ ಸಂದಿನಲ್ಲಿ ನಾಡಿ ಹುಡುಕುತ್ತ ಎರಡು ಬೆರಳಿಟ್ಟಳು. ಬೆರಳು ಸರಿಸಿ ಮತ್ತೆ ಇಟ್ಟಳು. ಇನ್ನೊಂದು ಕಡೆ ಇಟ್ಟಳು. ಆಮೇಲೆ ಮಗುವನ್ನು ನನ್ನ ಕೈಗೆ ಕೊಟ್ಟು, "ಬೆಚ್ಚಗಿಟ್ಟುಕೋ" ಎಂದು ಫೋನು ಮಾಡಲು ವಾಲ್ಟರನ ಮನೆಗೆ ಓಡಿದಳು. ಅಷ್ಟು ದಪ್ಪ ಹೆಂಗಸು ಹಾಗೆ ಓಡಿದ್ದನ್ನು ನಾನು ಮತ್ತೆ ನೋಡಿಲ್ಲ.

ದೊಡ್ಡ ಊರಿನ ಆಸ್ಪತ್ರೆ

ಆಂಬುಲೆನ್ಸಿನಲ್ಲಿ ಮಿಸೆಸ್ ಬೂತ್ ಜೊತೆ ಒಂದು ಗಂಟೆ ದೂರದ ದೊಡ್ಡ ಊರಿನ ಮಕ್ಕಳ ಆಸ್ಪತ್ರೆಗೆ ಹೋದೆವು. ಶಿವಶಂಕರ ಗಣಿಯಿಂದ ನೇರವಾಗಿ ಅಲ್ಲಿಗೇ ಬಂದ, ಕಣ್ಣಿನ ಸುತ್ತ ಇದ್ದಿಲ ಧೂಳು ಹಾಗೆಯೇ ಇತ್ತು.

ಹೃದಯದ ಡಾಕ್ಟರು ಬೆನ್ನು ಬಾಗಿದ, ಮೆಲುದನಿಯ ಮನುಷ್ಯ. ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ನನಗೂ ಸರೋಜಳಿಗೂ ಅದನ್ನು ಬಿಡಿಸಿ ಹೇಳಿದವನು ಶಿವಶಂಕರ.

"ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಇದೆಯಲ್ಲ, ಅದು ತಲೆಗೆ, ಕೈಗೆ ಕವಲು ಕೊಟ್ಟು ಆಮೇಲೆ ಕೆಳಗೆ ಇಳಿಯುತ್ತೆ. ಇಳಿಯೋ ಜಾಗದಲ್ಲಿ ದಾರ ಕಟ್ಟಿದ ಹಾಗೆ ಕಿರಿದಾಗಿದೆ. ಹುಟ್ಟುವಾಗಲೇ ಹಾಗಿದೆ. ಗರ್ಭದಲ್ಲಿದ್ದಾಗ ಪಕ್ಕದಲ್ಲಿ ಒಂದು ಅಡ್ಡದಾರಿ ಇರುತ್ತೆ. ಅದರಿಂದಲೇ ಕೆಳಗಿನ ಮೈಗೆ ರಕ್ತ ಹೋಗ್ತಿತ್ತು. ಹುಟ್ಟಿದ ಕೆಲವು ದಿನದಲ್ಲಿ ಆ ಅಡ್ಡದಾರಿ ತಾನಾಗೇ ಮುಚ್ಚಿಕೊಳ್ಳುತ್ತೆ. ಎಲ್ಲ ಮಕ್ಕಳಿಗೂ ಮುಚ್ಚುತ್ತೆ. ನಮ್ಮ ಮಗುಗೆ ಅದು ಮುಚ್ಚಿದರೆ ಸೊಂಟದ ಕೆಳಗೆ ಏನೂ ಇಲ್ಲ." ಅವನು ಚಿತ್ರದ ಕಾಗದವನ್ನು ಮಡಿಚಿದ. ಆಮೇಲೆ ತನಗೆ ತಾನೇ ಹೇಳಿಕೊಂಡಂತೆ, "ಗಣಿಯಲ್ಲಾದರೆ ನಾನೇ ದಾರಿ ಮಾಡ್ತಿದ್ದೆ" ಎಂದ.

ಮುಚ್ಚುತ್ತಿರುವ ಅಡ್ಡದಾರಿಯನ್ನು ತೆರೆದಿಡುವ ಹೊಸ ಔಷಧಿಯೊಂದನ್ನು ಹನಿಹನಿಯಾಗಿ ಮಗುವಿಗೆ ಬಿಡುತ್ತಿದ್ದರು. ಅದು ಮೈಗೆ ಹಿಡಿದರೆ ಒಂದೆರಡು ದಿನದಲ್ಲಿ ಶಸ್ತ್ರಚಿಕಿತ್ಸೆ. ಇನ್ನೂ ಸ್ವಲ್ಪ ತಡವಾಗಿದ್ದರೆ ಔಷಧಿಯೂ ಕೆಲಸ ಮಾಡುತ್ತಿರಲಿಲ್ಲ ಎಂದರು ಡಾಕ್ಟರು. ಆಮೇಲೆ ಪೆನ್ನು ತೆಗೆದು, ಈ ಮೂರು ದಿನ ಮಗುವನ್ನು ಯಾರು ಪರೀಕ್ಷಿಸಿದ್ದರು ಎಂದು ಕೇಳಿದರು.

ಶಿವಶಂಕರ, "ಸೂಲಗಿತ್ತಿ ದಿನಾ ಬರ್ತಿದ್ದರು" ಎಂದ. ಅವನು ಗಣಿಯಲ್ಲಿರುತ್ತಿದ್ದವನು, ಅವನಿಗೇನು ಗೊತ್ತು.

ಗೋಡೆಯ ಪಕ್ಕ ನಿಂತಿದ್ದ ಮಿಸೆಸ್ ಬೂತ್ ಮುಂದೆ ಬಂದಳು. "ನಾಲ್ಕನೆಯ, ಐದನೆಯ ದಿನ ನಾನು ಹೋಗಿದ್ದೆ. ಮಗುವನ್ನು ನೋಡಲಿಲ್ಲ. ನೋಡಬೇಕಾಗಿತ್ತು" ಎಂದಳು. ಡಾಕ್ಟರು ಅದನ್ನು ಬರೆದುಕೊಂಡರು.

ಆಕೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನು ಬಾಯಿ ತೆರೆಯಲಿಲ್ಲ. ಸುಳ್ಳು ಹೇಳಿದ ಮಕ್ಕಳನ್ನು ಇಪ್ಪತ್ತು ವರ್ಷ ಬೆಂಚಿನ ಮೇಲೆ ನಿಲ್ಲಿಸಿದವಳು ನಾನು. ಸರೋಜ ನನ್ನ ಪಕ್ಕದಲ್ಲೇ ಕೂತು ನನ್ನ ಕೈ ಹಿಡಿದಿದ್ದಳು. ಅವಳ ಕೈ ಬಿಟ್ಟುಹೋದೀತೆಂಬ ಭಯಕ್ಕೆ ಸುಮ್ಮನಿದ್ದೆ.

ಸಹಿ

ಮರುದಿನ ಔಷಧಿ ಹಿಡಿದು ಮಗುವಿನ ಬಣ್ಣ ಸ್ವಲ್ಪ ಸುಧಾರಿಸಿತು. ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯ ಸಹಿ ಹಾಕಬೇಕಿತ್ತು. ಅದಕ್ಕೆ ಮೊದಲು ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಇನ್ನೊಂದು ವಿಷಯ ಹೇಳಿದರು.

ಊದಿದ ಪಾದ, ಕತ್ತಿನ ಮಡಿಕೆ, ಕಿರಿದಾದ ನಾಳ, ಇವು ಮೂರೂ ಒಂದೇ ಕಾರಣದಿಂದ ಬಂದಿರಬಹುದು ಎಂದರು. ಹೆಣ್ಣುಮಕ್ಕಳ ಜೀವಕೋಶದಲ್ಲಿ ಇರಬೇಕಾದ ಎರಡು ಎಕ್ಸ್ ವರ್ಣತಂತುಗಳಲ್ಲಿ ಒಂದು ಈ ಮಗುವಿಗೆ ಇಲ್ಲದಿರಬಹುದು. ರಕ್ತ ಪರೀಕ್ಷೆಗೆ ಕಳಿಸಿದ್ದಾರೆ, ಉತ್ತರ ಬರಲು ದಿನ ಹಿಡಿಯುತ್ತದೆ. ಹಾಗಿದ್ದರೆ ಅವಳು ಕುಳ್ಳಗಿರುತ್ತಾಳೆ. ತಾನಾಗಿ ಮೈನೆರೆಯುವುದು ಕಷ್ಟ, ಮಕ್ಕಳಾಗುವುದು ಬಹುತೇಕ ಇಲ್ಲ. ಕಿವಿ, ಹೃದಯ ಆಗಾಗ ನೋಡಿಸಬೇಕು. ಆದರೆ ಓದುತ್ತಾಳೆ, ಕೆಲಸ ಮಾಡುತ್ತಾಳೆ, ಎಲ್ಲರಂತೆ ಬುದ್ಧಿ ಇರುತ್ತದೆ.

ಶಿವಶಂಕರ ಒಪ್ಪಿಗೆಯ ಕಾಗದವನ್ನು ಮುಂದಿಟ್ಟುಕೊಂಡು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. ಅವನು ಕೆಟ್ಟವನಲ್ಲ. ಹಾಸನದ ಕಡೆಯ ದೊಡ್ಡ ಕುಟುಂಬದವನು, ಊರಿನಲ್ಲಿ ಕೇಳುವ ನೂರು ಬಾಯಿಗಳು ಅವನ ಕಣ್ಮುಂದೆ ಬಂದಿರಬೇಕು. "ಬದುಕಿದ ಮೇಲೆ ಅವಳ ಬದುಕು ಏನು ಸರೋಜಾ? ಮದುವೆ ಇಲ್ಲ, ಮಕ್ಕಳಿಲ್ಲ..." ಎಂದ.

ಸರೋಜ ಗಟ್ಟಿಯಾಗಿ ಮಾತಾಡುವವಳಲ್ಲ. ಆವತ್ತು ಮಾತಾಡಿದಳು.

"ನಮ್ಮಕ್ಕ ಕುಳ್ಳಿ. ಮದ್ವೆ ಆಗ್ಲಿಲ್ಲ, ಮಕ್ಳಿಲ್ಲ. ಬದ್ಕಿಲ್ವಾ? ಏಳು ಸಮುದ್ರ ದಾಟಿ ಬಂದು ನನ್ ಮಗೂಗೆ ನೀರಾಕ್ತಿಲ್ವಾ? ಅಕ್ಕನಂಗೆ ಆಗ್ತಾಳೆ ಅಂದ್ರೆ ಆಗ್ಲಿ. ಸೈನ್ ಆಕ್ರಿ."

ಎದುರಿಗೇ ಕುಳ್ಳಿ ಎಂದಿದ್ದಕ್ಕೆ ಬೇರೆ ದಿನವಾದರೆ ಮುನಿಸಿಕೊಳ್ಳುತ್ತಿದ್ದೆ. ಆವತ್ತು ಅಳು ಬಂತು. ಹೆಮ್ಮೆಯಿಂದ ಎಂದು ಅವರಿಬ್ಬರೂ ತಿಳಿದರು. ಹೆಮ್ಮೆಯೂ ಇತ್ತು. ಆದರೆ ಅವಳು ಹೊಗಳುತ್ತಿದ್ದ ಆ ನೀರು ಹಾಕುವ ಅಕ್ಕನೇ ಬಾಗಿಲಿಗೆ ಅಡ್ಡ ನಿಂತವಳೆಂಬುದು ನಮ್ಮ ಮೂವರಲ್ಲಿ ನನ್ನೊಬ್ಬಳಿಗೇ ಗೊತ್ತು ಎಂದುಕೊಂಡಿದ್ದೆ. ಶಿವಶಂಕರ ಸಹಿ ಹಾಕಿದ.

ಕಾಯುವ ಕೋಣೆ

ಮಗುವನ್ನು ಬೆಳಿಗ್ಗೆ ಒಳಗೆ ಕರೆದೊಯ್ದರು. ಕಾಯುವ ಕೋಣೆಯಲ್ಲಿ ನಮ್ಮ ಜೊತೆ ಬೇರೊಂದು ಮಗುವಿನ ತಂದೆತಾಯಿ ಇದ್ದರು. ನಮ್ಮ ಕಡೆಯ ಆಸ್ಪತ್ರೆಯಾದರೆ ಇಷ್ಟು ಹೊತ್ತಿಗೆ ಅವರ ಊರು, ಕೇರಿ, ಮಗುವಿನ ಕಾಯಿಲೆ ಎಲ್ಲ ತಿಳಿದು, ಡಬ್ಬಿಯಲ್ಲಿದ್ದ ಚಿತ್ರಾನ್ನ ಹಂಚಿಕೊಂಡಿರುತ್ತಿದ್ದೆವು. ಇಲ್ಲಿ ಆ ಗಂಡಸು ಪತ್ರಿಕೆಯ ಒಂದೇ ಪುಟವನ್ನು ಎರಡು ಗಂಟೆ ಓದಿದ. ಆದರೆ ಎದ್ದು ಹೋಗಿ ಐದು ಕಪ್ಪು ಚಹಾ ತಂದ, ನಮ್ಮನ್ನು ಕೇಳದೆ ನಮಗೂ ಸೇರಿಸಿ. ಕೊಟ್ಟು, ಮತ್ತೆ ಆ ಪುಟದ ಹಿಂದೆ ಅಡಗಿಕೊಂಡ.

ಮಧ್ಯಾಹ್ನ ಶಸ್ತ್ರಚಿಕಿತ್ಸೆ ಮಾಡಿದವರು ಬಂದು, ಆಯಿತು ಎಂದರು. ಎಡಪಕ್ಕೆಯಲ್ಲಿ ಕೊಯ್ದು, ಎಡಗೈಗೆ ಹೋಗುವ ರಕ್ತನಾಳವನ್ನು ಕತ್ತರಿಸಿ, ಸೀಳಿ, ಕೆಳಕ್ಕೆ ಮಡಿಚಿ ಕಿರಿದಾದ ಜಾಗಕ್ಕೆ ತೇಪೆ ಹಾಕಿದ್ದರು. ನಮ್ಮಮ್ಮ ಕುಪ್ಪಸದ ಕಂಕುಳು ಬಿಗಿಯಾದರೆ ಅದೇ ಬಟ್ಟೆಯ ಚೂರು ಸೇರಿಸಿ ಹೊಲಿಯುತ್ತಿದ್ದ ಹಾಗೆ. ಪಕ್ಕದ ಸಣ್ಣ ನಾಳಗಳಿಂದ ಎಡಗೈಗೆ ರಕ್ತ ಬರುತ್ತದೆ, ಕೈಗೆ ತೊಂದರೆಯಿಲ್ಲ, ಆದರೆ ಆ ಮಣಿಕಟ್ಟಿನಲ್ಲಿ ನಾಡಿ ಸಿಗುವುದಿಲ್ಲ, ಆ ಕೈ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಚಿಕ್ಕದಾಗಿದ್ದೀತು ಎಂದರು. ದೊಡ್ಡವಳಾದಾಗ ಯಾವ ಡಾಕ್ಟರೂ ಗಾಬರಿಯಾಗದಂತೆ ಇದನ್ನು ಹೇಳಬೇಕು ಎಂದು ಶಿವಶಂಕರನಿಗೆ ಬರೆದುಕೊಟ್ಟರು.

ನಮ್ಮನ್ನು ಒಳಗೆ ಬಿಟ್ಟಾಗ ಕೊಳವೆಗಳ ನಡುವೆ ಮಗುವನ್ನು ಹುಡುಕಬೇಕಾಯಿತು. ಮುಟ್ಟಬಹುದೇ ಎಂದು ಕೇಳಿ, ನಾನು ಪಾದ ಹಿಡಿದೆ. ಊದಿದ್ದ ಆ ಪಾದ ಬೆಚ್ಚಗಿತ್ತು. ಅಷ್ಟು ಸಂತೋಷ ನನಗೆ ಜೀವನದಲ್ಲಿ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಒಂದು ವಾರದ ಮೇಲೆ ರಕ್ತ ಪರೀಕ್ಷೆಯ ಉತ್ತರವೂ ಬಂತು. ಡಾಕ್ಟರು ಊಹಿಸಿದ್ದೇ ನಿಜವಾಗಿತ್ತು. ಅಷ್ಟು ಹೊತ್ತಿಗೆ ಮಗು ಬಾಟಲಿಯಲ್ಲಿ ಹಾಲು ಕುಡಿಯುತ್ತಿತ್ತು. ಕಾಗದವನ್ನು ಓದಿದ ಶಿವಶಂಕರ ಅದನ್ನು ಜೇಬಿನಲ್ಲಿಟ್ಟು, ಬಾಟಲಿ ಹಿಡಿಯಲು ತನಗೂ ಕೊಡಿ ಎಂದು ಕೈಚಾಚಿದ.

ಕಾಗದ

ಆ ವಾರ ಮಿಸೆಸ್ ಬೂತ್ ತನ್ನ ರಜೆಯ ದಿನ ಎರಡು ಬಸ್ಸು ಬದಲಿಸಿ ಬಂದಳು, ಕೈಯಲ್ಲಿ ಹಳದಿ ಉಣ್ಣೆಯ ಟೋಪಿ. ಮಗುವನ್ನು ನೋಡಿ ಕಣ್ಣೊರೆಸಿಕೊಂಡಳು. ಹೊರಗೆ ಕಾರಿಡಾರಿನಲ್ಲಿ, ಮುಂದಿನ ವಾರ ತನ್ನ ಮೇಲಧಿಕಾರಿಯ ಎದುರು ಉತ್ತರ ಕೊಡಬೇಕು ಎಂದಳು. ದೂರಿದಂತೆ ಹೇಳಲಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ಹೇಳುವ ಹಾಗೆ ಹೇಳಿದಳು.

"ನಾನು ನಿಮ್ಮನ್ನು ವಾಪಸ್ಸು ಕಳಿಸಿದೆ" ಎಂದೆ. ಇಂಗ್ಲಿಷಿನಲ್ಲಿ ಅಷ್ಟು ಚಿಕ್ಕ ವಾಕ್ಯಕ್ಕೆ ಹತ್ತು ದಿನ ಹಿಡಿದಿತ್ತು.

"ಕಳಿಸಿದೆ, ಲವ್. ನಾನು ಚಹಾ ಕುಡಿದು ಎದ್ದುಹೋದೆ" ಎಂದಳು. "ಅತಿಥಿಯ ಹಾಗೆ ನಡೆದುಕೊಂಡೆ. ನಾನು ಅತಿಥಿಯಾಗಿ ಬಂದಿರಲಿಲ್ಲ."

ಆಕೆ ಹೋದ ಮೇಲೆ ನಾನು ಆಕೆಯ ಮೇಲಧಿಕಾರಿಗೆ ಕಾಗದ ಬರೆದೆ. ನನಗೆ ಬರುತ್ತಿದ್ದ ಇಂಗ್ಲಿಷ್ ಕಾಗದ ಒಂದೇ, ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ರಜಾ ಅರ್ಜಿ. ಅದೇ ಧಾಟಿಯಲ್ಲಿ, ಮಾನ್ಯರೇ, ತಮ್ಮಲ್ಲಿ ವಿನಯಪೂರ್ವಕ ಬಿನ್ನಹ ಎಂದು ಆರಂಭಿಸಿದೆ. ಮಿಸೆಸ್ ಬೂತ್ ಎರಡು ದಿನವೂ ತಪ್ಪದೆ ಬಂದರು, ಮಗುವನ್ನು ನೋಡಲು ಕೇಳಿದರು, ನಾನು ನಮ್ಮ ಪದ್ಧತಿಯ ಹೆಸರಿನಲ್ಲಿ ತಡೆದೆ, ಆಗ ಮಗುವಿನ ತಾಯಿ ಮಲಗಿ ನಿದ್ರಿಸುತ್ತಿದ್ದಳು, ಅವಳಿಗೆ ಇದು ಯಾವುದೂ ಗೊತ್ತಿಲ್ಲ, ತಪ್ಪು ಪೂರ್ತಿ ನನ್ನದು. ಕೊನೆಗೆ ಅಭ್ಯಾಸಬಲದಿಂದ ತಮ್ಮ ವಿಧೇಯ ವಿದ್ಯಾರ್ಥಿನಿ ಎಂದೇ ಬರೆದು, ಹರಿದು, ಮತ್ತೆ ಬರೆದೆ.

ಅಂಚೆಗೆ ಹಾಕುವ ಮೊದಲು ಸರೋಜಳಿಗೆ ತೋರಿಸಲೇಬೇಕಿತ್ತು. ಮಗುವಿನ ತೊಟ್ಟಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಕಾಗದ ಕೊಟ್ಟು ಎದುರಿಗೆ ನಿಂತೆ. ಹೆಡ್‌ಮಾಸ್ಟರ ಮುಂದೆ ನಿಂತ ಹುಡುಗಿಯ ಹಾಗೆ ಕೈಕಟ್ಟಿಕೊಂಡಿದ್ದೆ. ಬಯ್ಯಲಿ, ಹೊರಗೆ ಹಾಕಲಿ, ಊರಿಗೆ ಕಳಿಸಲಿ ಎಂದು ಎಲ್ಲಕ್ಕೂ ಸಿದ್ಧಳಾಗಿದ್ದೆ.

ಅವಳು ನಿಧಾನವಾಗಿ ಓದಿದಳು.

"ಇದ್ರಲ್ಲಿ ಒಂದು ತಪ್ಪೈತೆ ಅಕ್ಕಾ."

"ಸ್ಪೆಲ್ಲಿಂಗಾ?"

"ಅಲ್ಲ. ನಾನು ಮಲಗಿರ್ಲಿಲ್ಲ."

ನನಗೆ ಅರ್ಥವಾಗಲಿಲ್ಲ.

"ಎರಡು ದಿನಾನೂ ಎಚ್ಚರಾನೇ ಇದ್ದೆ. ಬೆಲ್ಲು ಕೇಳುಸ್ತು, ಅವರ ದನಿ ಕೇಳುಸ್ತು. ನೀನು ಮಲಗವ್ರೆ ಅಂದಿದ್ದೂ ಕೇಳುಸ್ತು." ಅವಳು ಮಗುವಿನ ಕಡೆ ನೋಡುತ್ತಲೇ ಹೇಳಿದಳು. "ಕಾಲು ತಣ್ಣಗಿರೋದು ನಾಕನೇ ದಿನಾನೇ ನಂಗೆ ಗೊತ್ತಾಯ್ತು. ಒದಿಕೆ ಒಳಗೆ ಇಡ್ಕೊಂಡು ಉಜ್ಜ್ತಾ ಇದ್ದೆ. ಏಳು ವರ್ಷ ಕಾದಿದ್ದೆ ಅಕ್ಕಾ. ಅವರು ಬಂದು ಬಿಚ್ಚಿ ನೋಡಿ ಏನಾದ್ರೂ ಅಂದ್ಬುಟ್ರೆ? ಅದ್ಕೇ ಕಣ್ಮುಚ್ಕೊಂಡೆ. ನೀನು ಕಳ್ಸಿದಾಗ ಸದ್ಯ ಒಂಟೋದ್ರು ಅಂದ್ಕೊಂಡೆ."

ಅವಳು ಪೆನ್ನು ಕೇಳಿದಳು. ಕೊಟ್ಟೆ. ತಾಯಿ ನಿದ್ರಿಸುತ್ತಿದ್ದಳು, ಅವಳಿಗೆ ಇದು ಯಾವುದೂ ಗೊತ್ತಿಲ್ಲ ಎಂಬ ಸಾಲನ್ನು ಒಂದೇ ಗೆರೆಯಲ್ಲಿ ಹೊಡೆದುಹಾಕಿ, ಮೇಲೆ ತಾಯಿಗೂ ಕೇಳಿಸುತ್ತಿತ್ತು ಎಂದು ಇಂಗ್ಲಿಷಿನಲ್ಲಿ ಬರೆದಳು. ತಪ್ಪು ನನ್ನದು ಎಂದಿದ್ದನ್ನು ನಮ್ಮದು ಎಂದು ತಿದ್ದಿದಳು. ನನ್ನ ಸಹಿಯ ಕೆಳಗೆ ತಾನೂ ಸಹಿ ಹಾಕಿದಳು.

ಒಂದು ಸಾಲು ಹೊಡೆದುಹಾಕಿದ್ದರೂ ಇಡೀ ಪುಟ ಮತ್ತೆ ಬರೆಸುವ ಟೀಚರು ನಾನು. ಆ ಕಾಗದವನ್ನು ಮತ್ತೆ ಬರೆಯಲಿಲ್ಲ. ಹಾಗೆಯೇ ಮಡಿಚಿ, ಆಸ್ಪತ್ರೆಯ ಎದುರಿನ ಕೆಂಪು ಡಬ್ಬಿಗೆ ಹಾಕಿ ಬಂದೆ.